ಬರೋಲೊ ಬೆಟ್ಟಗಳಲ್ಲಿ ಒಂದು ವಾರ: ಇ-ಸೈಕಲ್ ರಜೆಗೆ ಸಮಗ್ರ ಮಾರ್ಗದರ್ಶಿ

ಇಟಲಿ ಅಂದ ತಕ್ಷಣ ರೋಮ್, ವೆನಿಸ್ ನೆನಪಾಗುತ್ತವೆ. ಈ ಸಲ ಅವನ್ನು ಬದಿಗಿಟ್ಟು ದೇಶದ ವಾಯುವ್ಯ ಮೂಲೆಗೆ ಬನ್ನಿ. ಅಲ್ಲಿ ಪಿಯೆಮೊಂತೆ ಎಂಬ ಪ್ರಾಂತ್ಯವಿದೆ. ಅದರೊಳಗೆ ಲಾಂಗೆ ಎಂಬ ಗುಡ್ಡಗಳ ಸೀಮೆ. ಒಂದೊಂದು ಗುಡ್ಡದ ನೆತ್ತಿಯ ಮೇಲೂ ಒಂದು ಹಳೇ ಊರು, ಊರಿಗೊಂದು ಕೋಟೆ ಅಥವಾ ಗೋಪುರ, ಸುತ್ತ ಬಾಚಣಿಗೆಯಲ್ಲಿ ಬಾಚಿದಂತೆ ಸಾಲು ಸಾಲು ದ್ರಾಕ್ಷಿ ಬಳ್ಳಿ. ಬರೋಲೊ, ಬಾರ್ಬರೆಸ್ಕೊ ಎಂಬ ಕೆಂಪು ವೈನ್‌ಗಳು ಹುಟ್ಟುವುದು ಇಲ್ಲೇ. ಬಿಳಿ ಟ್ರಫಲ್ ಎಂಬ ನೆಲದಡಿಯ ಅಣಬೆಗೂ ಇದೇ ಹೆಸರುವಾಸಿ ಜಾಗ. ಈ ದ್ರಾಕ್ಷಿ ಬೆಟ್ಟಗಳು 2014ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು.

ಊರುಗಳ ನಡುವೆ ಐದಾರು ಕಿಲೋಮೀಟರ್ ಅಷ್ಟೇ. ಆದರೆ ಪ್ರತಿ ಊರಿಗೂ ಇಳಿದು ಮತ್ತೆ ಹತ್ತಬೇಕು. ಮಾಮೂಲಿ ಸೈಕಲ್‌ನಲ್ಲಿ ಬಂದರೆ ಮೂರನೇ ಗುಡ್ಡಕ್ಕೆ ಕಾಲು ಸೋತು, ಊಟವೂ ರುಚಿಸುವುದಿಲ್ಲ. ಕಾರಿನಲ್ಲಿ ಬಂದರೆ ದಾರಿಯ ಬದಿ ನಿಲ್ಲಲೂ ಜಾಗ ಸಿಗದು. ಮೋಟಾರು ಜೋಡಿಸಿದ ಪೆಡಲ್ ಸೈಕಲ್ ಈ ಸೀಮೆಗೆ ಹೇಳಿ ಮಾಡಿಸಿದಂತಿದೆ. ಬೇಕಾದಲ್ಲಿ ನಿಲ್ಲಬಹುದು. ಹಸಿವೂ ಆಗುತ್ತದೆ, ಸುಸ್ತೂ ಆಗುವುದಿಲ್ಲ.

ಮಾರ್ಗದರ್ಶಕರಿಲ್ಲದೆ ನೀವೇ ಹೋಗುವುದಾದರೆ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ದಿನವನ್ನು ಕಿಲೋಮೀಟರ್ ಸುತ್ತ ಕಟ್ಟಬೇಡಿ, ಮಧ್ಯಾಹ್ನದ ಊಟದ ಸುತ್ತ ಕಟ್ಟಿ. ಮುಂದೆ ಹೇಳುವುದೆಲ್ಲ ಈ ಮಾತಿಗೇ ಬಂದು ಸೇರುತ್ತದೆ.

1. ತಿಂಗಳು ಆರಿಸಿ

ಮೇ, ಜೂನ್ ಮತ್ತು ಸೆಪ್ಟೆಂಬರ್ ಒಳ್ಳೆಯ ತಿಂಗಳುಗಳು. ಮೇನಲ್ಲಿ ಬಳ್ಳಿ ಎಳೆ ಹಸಿರು, ಹಗಲು ಉದ್ದ, ರಾತ್ರಿ ಎಂಟರವರೆಗೂ ಬೆಳಕು. ಸೆಪ್ಟೆಂಬರ್‌ನಲ್ಲಿ ದ್ರಾಕ್ಷಿ ಕೊಯ್ಲು ಶುರುವಾಗುತ್ತದೆ. ಟ್ರ್ಯಾಕ್ಟರ್ ತುಂಬ ಹಣ್ಣು, ಊರೆಲ್ಲ ಹುಳಿಬಂದ ರಸದ ವಾಸನೆ.

ಅಕ್ಟೋಬರ್ ಮತ್ತು ನವೆಂಬರ್ ಟ್ರಫಲ್ ಕಾಲ. ಆಲ್ಬ ಪಟ್ಟಣದಲ್ಲಿ ದೊಡ್ಡ ಟ್ರಫಲ್ ಮೇಳ ನಡೆಯುತ್ತದೆ. ಬೆಟ್ಟಗಳು ಕೆಂಪು, ಹಳದಿಗೆ ತಿರುಗಿರುತ್ತವೆ. ನೋಡಲು ಇದಕ್ಕಿಂತ ಚೆಂದ ಇಲ್ಲ. ಆದರೆ ರೂಮು ಸಿಗುವುದು ಕಷ್ಟ, ಬೆಲೆ ಜಾಸ್ತಿ, ಬೆಳಗ್ಗೆ ದಟ್ಟ ಮಂಜು. ಮಂಜಿಗೆ ಇಟಾಲಿಯನ್‌ನಲ್ಲಿ ನೆಬ್ಬಿಯ ಅನ್ನುತ್ತಾರೆ. ಬರೋಲೊ ಮಾಡುವ ದ್ರಾಕ್ಷಿಗೆ ನೆಬ್ಬಿಯೊಲೊ ಎಂಬ ಹೆಸರು ಬಂದದ್ದು ಈ ಮಂಜಿನಿಂದಲೇ ಅಂತ ಅಲ್ಲಿನವರು ಹೇಳುತ್ತಾರೆ. ಹೆಸರು ಕೇಳಲು ಸೊಗಸು, ಆದರೆ ಆ ಮಂಜಿನಲ್ಲಿ ಬೆಳಗ್ಗೆ ಎಂಟಕ್ಕೆ ಸೈಕಲ್ ತುಳಿಯಬೇಡಿ. ಹತ್ತರವರೆಗೆ ಕಾಯಿರಿ.

ಜುಲೈ, ಆಗಸ್ಟ್ ಬಿಟ್ಟುಬಿಡಿ. ಬಿಸಿಲು ಜೋರು. ಅದೂ ಅಲ್ಲದೆ ಆಗಸ್ಟ್ 15ರ ಆಸುಪಾಸಿನಲ್ಲಿ ಇಟಲಿಯವರೇ ರಜೆಗೆ ಹೋಗಿ ಎಷ್ಟೋ ಊಟದ ಮನೆಗಳು ಬಾಗಿಲು ಹಾಕಿರುತ್ತವೆ.

2. ಕಾಗದಪತ್ರ ಮತ್ತು ದಾರಿ

ಭಾರತದ ಪಾಸ್‌ಪೋರ್ಟ್ ಇದ್ದರೆ ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ಆದ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಕೊನೇ ಗಳಿಗೆಗೆ ಬಿಡಬೇಡಿ. ಕನಿಷ್ಠ 30,000 ಯೂರೊ ವೈದ್ಯಕೀಯ ವಿಮೆ ಕಡ್ಡಾಯ. ವಿಮೆ ಕೊಳ್ಳುವಾಗ ಸೈಕಲ್‌ನಿಂದ ಬಿದ್ದರೆ ಖರ್ಚು ಕೊಡುತ್ತಾರಾ ಅಂತ ಷರತ್ತಿನ ಪುಟದಲ್ಲಿ ಹುಡುಕಿ ಓದಿ. ಕೆಲವು ವಿಮೆಗಳು ಸೈಕಲ್ ಸವಾರಿಯನ್ನು ಸಾಹಸ ಕ್ರೀಡೆ ಅಂತ ಬದಿಗೆ ಸರಿಸಿರುತ್ತವೆ. ಜರ್ಮನಿ, ನೆದರ್‌ಲ್ಯಾಂಡ್ಸ್ ಕಡೆ ನೆಲೆಸಿದ ಕನ್ನಡಿಗರಿಗೆ ಅಲ್ಲಿನ ವಾಸದ ಪರವಾನಗಿ ಇದ್ದರೆ ಬೇರೆ ವೀಸಾ ಬೇಡ. ಒಂದು ಉದ್ದ ವಾರಾಂತ್ಯಕ್ಕೂ ಇಲ್ಲಿಗೆ ಬಂದು ಹೋಗಬಹುದು.

ಬೆಂಗಳೂರಿನಿಂದ ಕೊಲ್ಲಿ ದೇಶಗಳ ಮೂಲಕ ಮಿಲಾನ್‌ನ ಮಾಲ್ಪೆನ್ಸಾ ನಿಲ್ದಾಣಕ್ಕೆ ಬರುವುದು ಸುಲಭ. ಅಲ್ಲಿಂದ ಮಿಲಾನ್ ಪೇಟೆಗೆ ರೈಲು, ಮಿಲಾನ್‌ನಿಂದ ಟ್ಯೂರಿನ್‌ಗೆ ಒಂದು ಗಂಟೆಯ ವೇಗದ ರೈಲು, ಟ್ಯೂರಿನ್‌ನಿಂದ ಬ್ರಾ ಊರಿನ ಮೇಲೆ ಹಾದು ಆಲ್ಬಕ್ಕೆ ಪ್ಯಾಸೆಂಜರ್ ರೈಲು. ವಿಮಾನ ಇಳಿದ ದಿನವೇ ಸೈಕಲ್ ಹತ್ತುವ ಯೋಚನೆ ಬೇಡ.

ಸ್ವಂತ ಇ-ಸೈಕಲ್ ಒಯ್ಯಲು ಆಗುವುದಿಲ್ಲ. ಬ್ಯಾಟರಿ ಹಿಡಿಯುವ ಶಕ್ತಿಯನ್ನು ವಾಟ್-ಅವರ್‌ನಲ್ಲಿ ಅಳೆಯುತ್ತಾರೆ. ಪ್ರಯಾಣಿಕರ ವಿಮಾನದಲ್ಲಿ 160 ವಾಟ್-ಅವರ್ ಮೀರಿದ ಲಿಥಿಯಂ ಬ್ಯಾಟರಿ ಬಿಡುವುದಿಲ್ಲ. ಸೈಕಲ್ ಬ್ಯಾಟರಿ ಸಾಮಾನ್ಯವಾಗಿ ಅದರ ಮೂರು ಪಟ್ಟು ಇರುತ್ತದೆ. ಅಲ್ಲೇ ಬಾಡಿಗೆಗೆ ತೆಗೆದುಕೊಳ್ಳಿ.

3. ದಿನಕ್ಕೊಂದು ಹೋಟೆಲ್ ಬೇಡ

ಹೋಟೆಲ್, ಸೈಕಲ್, ನಕ್ಷೆ, ಸಾಮಾನು ಸಾಗಣೆ ಎಲ್ಲ ಸೇರಿಸಿ ಮಾರುವ ಪ್ಯಾಕೇಜ್‌ಗಳಿವೆ. ಅವುಗಳಲ್ಲಿ ಪ್ರತಿ ರಾತ್ರಿ ಬೇರೆ ಊರು. ನೋಡಲು ಆಕರ್ಷಕ, ಅಲ್ವಾ? ಆದರೆ ದಿನಾ ಬೆಳಗ್ಗೆ ಪೆಟ್ಟಿಗೆ ಕಟ್ಟಿ, ಒಂಬತ್ತಕ್ಕೆ ಕೆಳಗಿಟ್ಟು, ಸಂಜೆ ಇಷ್ಟು ಹೊತ್ತಿಗೆ ತಲುಪಲೇಬೇಕು ಅನ್ನುವ ಒತ್ತಡ ತಲೆಮೇಲೆ ಕೂರುತ್ತದೆ. ಲಾಂಗೆ ಸಣ್ಣ ಸೀಮೆ. ಎರಡೇ ಕಡೆ ಬೀಡು ಬಿಟ್ಟರೆ ಸಾಕು. ಮೂರು ರಾತ್ರಿ ಆಲ್ಬ, ನಾಲ್ಕು ರಾತ್ರಿ ಬರೋಲೊ. ನಡುವೆ ಪೆಟ್ಟಿಗೆಯನ್ನು ಒಂದು ಟ್ಯಾಕ್ಸಿಯಲ್ಲಿ ಕಳಿಸಿ, ನೀವು ತುಳಿದುಕೊಂಡು ಹೋಗಿ.

ಬರೋಲೊ ಊರೇ ಯಾಕೆ? ಎತ್ತರ ನೋಡಿ. ಲಾ ಮೊರ್ರ ಊರು ಸುಮಾರು 510 ಮೀಟರ್ ಎತ್ತರದಲ್ಲಿದೆ, ಮೊನ್ಫೋರ್ತೆ ಸುಮಾರು 480. ಅಲ್ಲಿನ ನೋಟ ಅದ್ಭುತ, ನಿಜ. ಆದರೆ ಅಲ್ಲಿ ಉಳಿದರೆ ದಿನದ ಕೊನೆಗೆ, ಕಾಲೂ ಬ್ಯಾಟರಿಯೂ ಇಳಿದ ಹೊತ್ತಿನಲ್ಲಿ, ದೊಡ್ಡ ಏರು ಹತ್ತಬೇಕು. ಬರೋಲೊ ಸುಮಾರು 300 ಮೀಟರ್ ಎತ್ತರದಲ್ಲಿ, ಗುಡ್ಡಗಳ ಮಡಿಲಲ್ಲಿ ಕೂತಿದೆ. ಲಾ ಮೊರ್ರದಿಂದ, ಮೊನ್ಫೋರ್ತೆಯಿಂದ ಸಂಜೆ ಇಳಿದುಕೊಂಡೇ ಮನೆ ಸೇರುತ್ತೀರಿ.

ರೂಮು ಕಾದಿರಿಸುವಾಗ ಸೈಕಲ್ ಇಡಲು ಬೀಗ ಹಾಕುವ ಕೋಣೆ ಇದೆಯಾ, ಬ್ಯಾಟರಿಯನ್ನು ಎಲ್ಲಿ ಚಾರ್ಜ್ ಮಾಡಬಹುದು ಅಂತ ಬರೆದು ಕೇಳಿ. ತೋಟದ ಮನೆಗಳಲ್ಲಿ ಉಳಿಸಿಕೊಳ್ಳುವ ಪದ್ಧತಿಗೆ ಅಗ್ರಿತುರಿಸ್ಮೊ ಅನ್ನುತ್ತಾರೆ. ನಮ್ಮ ಮಲೆನಾಡಿನ ಹೋಂಸ್ಟೇ ಇದ್ದ ಹಾಗೆ. ಸಾಧ್ಯವಾದರೆ ಅಂಥ ಕಡೆ ಎರಡು ರಾತ್ರಿಯಾದರೂ ಉಳಿಯಿರಿ. ಬೆಳಗಿನ ತಿಂಡಿಗೆ ಆ ಮನೆಯವರೇ ಮಾಡಿದ ಜಾಮ್, ಹೇಝಲ್‌ನಟ್ ಕೇಕ್ ಸಿಗುತ್ತದೆ.

4. ಸೈಕಲ್ ಆರಿಸುವುದು

ಯುರೋಪಿನಲ್ಲಿ ಇ-ಸೈಕಲ್ ಅಂದರೆ 250 ವಾಟ್ ಮೋಟಾರು, ಪೆಡಲ್ ತುಳಿದಾಗ ಮಾತ್ರ ಸಹಾಯ, ಗಂಟೆಗೆ 25 ಕಿ.ಮೀ. ದಾಟಿದರೆ ಸಹಾಯ ಬಂದ್. ಲೈಸೆನ್ಸ್ ಬೇಡ. ಬಾಡಿಗೆ ದಿನಕ್ಕೆ 40ರಿಂದ 60 ಯೂರೊ ಆಸುಪಾಸು. ವಾರಕ್ಕೆ ತೆಗೆದುಕೊಂಡರೆ ಕಡಿಮೆ ಮಾಡುತ್ತಾರೆ.

ಮೋಟಾರು ಪೆಡಲ್ ಹತ್ತಿರ ಇರುವ ಸೈಕಲ್ ಕೇಳಿ. ಚಕ್ರದ ನಡುವೆ ಮೋಟಾರಿರುವುದು ಸಮತಟ್ಟು ಊರಿಗೆ ಸರಿ, ಗುಡ್ಡಕ್ಕೆ ಬೇಡ. ಪೆಡಲ್ ಬಳಿಯ ಮೋಟಾರು ಗೇರುಗಳ ಮೂಲಕ ಕೆಲಸ ಮಾಡುತ್ತದೆ, ಹಾಗಾಗಿ ಕಡಿದಾದ ಏರಿನಲ್ಲೂ ಏದುಸಿರು ಬಿಡುವುದಿಲ್ಲ. ಡಿಸ್ಕ್ ಬ್ರೇಕ್ ಇರಲೇಬೇಕು. ಟಯರು ಸ್ವಲ್ಪ ಅಗಲ ಇರಲಿ. ಬ್ಯಾಟರಿ 500 ವಾಟ್-ಅವರ್‌ಗಿಂತ ಕಡಿಮೆ ಇದ್ದರೆ ಬೇರೆ ಕೊಡಿ ಅನ್ನಿ.

ಅಂಗಡಿಯಿಂದ ಹೊರಡುವ ಮುಂಚೆ ಅಲ್ಲೇ ಒಂದು ಸುತ್ತು ಹೊಡೆಯಿರಿ. ಸೀಟಿನ ಎತ್ತರ ಸರಿ ಮಾಡಿಸಿ. ಎರಡೂ ಬ್ರೇಕ್ ಜೋರಾಗಿ ಹಿಡಿದು ನೋಡಿ. ಬ್ಯಾಟರಿ ತೆಗೆದು ಹಾಕುವುದನ್ನು ನಿಮ್ಮ ಕೈಯಲ್ಲೇ ಮಾಡಿಸಿಕೊಳ್ಳಿ. ಚಾರ್ಜರ್, ಬೀಗ, ಪಂಕ್ಚರ್ ಸಾಮಾನು, ಪಂಪು ಕೊಟ್ಟಿದ್ದಾರಾ ನೋಡಿ. ಗೀರು, ತರಚು ಇದ್ದರೆ ಫೋಟೊ ತೆಗೆದಿಟ್ಟುಕೊಳ್ಳಿ. ಹೆಲ್ಮೆಟ್ ದೊಡ್ಡವರಿಗೆ ಇಟಲಿಯಲ್ಲಿ ಕಡ್ಡಾಯ ಅಲ್ಲ. ಆದರೂ ಹಾಕಿ. ಇಳಿಜಾರುಗಳು ಬಹಳ ಇವೆ.

ಇ-ಸೈಕಲ್ ಹತ್ತಿಯೇ ಗೊತ್ತಿಲ್ಲದವರು ಊರಿನಲ್ಲೇ ಬಾಡಿಗೆಗೆ ಪಡೆದು ಒಂದೆರಡು ಭಾನುವಾರ ಅಭ್ಯಾಸ ಮಾಡಿ. ಬೆಂಗಳೂರಿನವರಿಗೆ ನಂದಿ ಬೆಟ್ಟದ ತಪ್ಪಲಿದೆ. ಅಲ್ಲೂ ದ್ರಾಕ್ಷಿ ತೋಟಗಳ ನಡುವೆಯೇ ತುಳಿಯಬಹುದು. ಹತ್ತುವುದಕ್ಕಿಂತ ಇಳಿಯುವುದನ್ನು ಕಲಿಯಿರಿ. ಇ-ಸೈಕಲ್ 25 ಕಿಲೋ ತೂಗುತ್ತದೆ. ಬ್ರೇಕನ್ನು ಉದ್ದಕ್ಕೂ ಒತ್ತಿ ಹಿಡಿದರೆ ಕಾದುಹೋಗುತ್ತದೆ. ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನಲ್ಲಿ ಬಿಡಿ.

5. ಬ್ಯಾಟರಿಯ ಲೆಕ್ಕ

ಎಷ್ಟು ದೂರ ಬರುತ್ತದೆ ಅಂತ ಅಂಗಡಿಯಲ್ಲಿ ಕೇಳಿದರೆ ನೂರು ಕಿಲೋಮೀಟರ್ ಅನ್ನುತ್ತಾರೆ. ಅದು ಸಮತಟ್ಟು ದಾರಿಯ ಮಾತು. ಇಲ್ಲಿ ದೂರಕ್ಕಿಂತ ಏರು ಮುಖ್ಯ. ಲೆಕ್ಕ ಕಷ್ಟವೇನಿಲ್ಲ, ಒಂದು ಸಲ ಮಾಡಿಟ್ಟುಕೊಂಡರೆ ವಾರವಿಡೀ ನಿಶ್ಚಿಂತೆ.

ನೀವು 70 ಕಿಲೋ, ಸೈಕಲ್ 25, ಚೀಲ 5 ಅಂದುಕೊಳ್ಳಿ. ಒಟ್ಟು 100 ಕಿಲೋ. ಇಷ್ಟು ಭಾರವನ್ನು 100 ಮೀಟರ್ ಎತ್ತರಕ್ಕೆ ಏರಿಸಲು ಸುಮಾರು 27 ವಾಟ್-ಅವರ್ ಶಕ್ತಿ ಬೇಕು. ಮೂರನೇ ಒಂದು ಭಾಗ ನಿಮ್ಮ ಕಾಲು ಕೊಡುತ್ತದೆ, ಉಳಿದದ್ದು ಮೋಟಾರು. ಮೋಟಾರಿನಲ್ಲಿ ಸ್ವಲ್ಪ ಶಕ್ತಿ ಬಿಸಿಯಾಗಿ ಪೋಲಾಗುತ್ತದೆ. ಎಲ್ಲ ಸೇರಿಸಿ 100 ಮೀಟರ್ ಏರಿಗೆ 25 ವಾಟ್-ಅವರ್ ಅಂತ ಹಿಡಿಯಿರಿ. ಅದರ ಮೇಲೆ ದಾರಿಯ ಪ್ರತಿ ಕಿಲೋಮೀಟರಿಗೆ 4 ಸೇರಿಸಿ. ದಿನಕ್ಕೆ 30 ಕಿ.ಮೀ., 600 ಮೀಟರ್ ಏರು ಇದ್ದರೆ 120 ಮತ್ತು 150, ಅಂದರೆ 270. 500ರ ಬ್ಯಾಟರಿಯಲ್ಲಿ ಅರ್ಧದ ಹತ್ತಿರ ಉಳಿಯುತ್ತದೆ. ನಿಮ್ಮ ತೂಕ ಜಾಸ್ತಿ ಇದ್ದರೆ ಅದೇ ಅನುಪಾತದಲ್ಲಿ ಲೆಕ್ಕ ಏರಿಸಿ.

ಮೋಟಾರು ಎಷ್ಟು ಸಹಾಯ ಮಾಡಬೇಕು ಅಂತ ನೀವೇ ಆರಿಸಬಹುದು: ಕಡಿಮೆಗೆ ಇಕೊ, ನಡುವಿಗೆ ಟೂರ್, ಅತಿ ಹೆಚ್ಚಿಗೆ ಟರ್ಬೊ. ಈ ಲೆಕ್ಕ ಹಿಡಿಯುವುದು ನಡುವಿನ ಸಹಾಯದಲ್ಲಿ ತುಳಿದರೆ ಮಾತ್ರ. ಟರ್ಬೊ ಒತ್ತಿಕೊಂಡೇ ಹೋದರೆ ನೀರಿನಂತೆ ಖಾಲಿಯಾಗುತ್ತದೆ. ಮೊದಲ ಸಲ ನಾನು ಅದನ್ನೇ ಮಾಡಿದೆ. ಲಾ ಮೊರ್ರ ಏರಿನ ಕೊನೆಯ ಎರಡು ಕಿಲೋಮೀಟರ್ ಸೈಕಲ್ ತಳ್ಳಿಕೊಂಡು ನಡೆದೆ. ದಾರಿ ಪಕ್ಕದ ತೋಟದ ಮನೆಯ ಅಜ್ಜಿಯೊಬ್ಬರು ಕೈ ಸನ್ನೆಯಲ್ಲೇ ಒಳಗೆ ಕರೆದು, ನೀರು ಕೊಟ್ಟು, ಅಡುಗೆಮನೆಯ ಪ್ಲಗ್ ತೋರಿಸಿದರು. ಆ ಒಂದು ಗಂಟೆ ಅವರ ಜಗಲಿಯಲ್ಲಿ ಕೂತದ್ದು ಇವತ್ತಿಗೂ ಮರೆತಿಲ್ಲ. ಆದರೆ ಎಲ್ಲ ಸಲವೂ ಅಜ್ಜಿ ಸಿಗುವುದಿಲ್ಲ. ಚಪ್ಪಟೆ ದಾರಿಗೆ ಇಕೊ, ಏರಿಗೆ ಟೂರ್, ತೀರಾ ಕಡಿದಾದ ಐವತ್ತು ಮೀಟರಿಗೆ ಮಾತ್ರ ಟರ್ಬೊ. ಏರು ಶುರುವಾಗುವ ಮುಂಚೆಯೇ ಗೇರು ಇಳಿಸಿ, ಕಾಲು ಬೇಗ ಬೇಗ ತಿರುಗಲಿ. ಭಾರಿ ಗೇರಿನಲ್ಲಿ ನಿಧಾನ ತುಳಿದರೆ ಮೋಟಾರು ಜಾಸ್ತಿ ಕುಡಿಯುತ್ತದೆ.

ಇನ್ನೊಂದು ನಿಯಮ: ಊಟಕ್ಕೆ ಕೂರುವಾಗ ಅರ್ಧ ಬ್ಯಾಟರಿ ಉಳಿದಿರಬೇಕು. ಉಳಿದಿಲ್ಲವಾದರೆ ಊಟದ ಮನೆಯವರನ್ನು ಕೇಳಿ. "ಪೊಸ್ಸೊ ಕಾರಿಕಾರೆ ಲಾ ಬತ್ತೆರೀಯಾ?" ಅಂದರೆ "ಬ್ಯಾಟರಿ ಚಾರ್ಜ್ ಮಾಡಬಹುದಾ?" ಅಂತ. ಇದಕ್ಕಾಗಿ ಚಾರ್ಜರ್ ಚೀಲದಲ್ಲೇ ಇರಲಿ. ಪೂರ್ತಿ ತುಂಬಲು ನಾಲ್ಕೈದು ಗಂಟೆ ಬೇಕು, ಒಂದೂವರೆ ಗಂಟೆಯ ಊಟದಲ್ಲಿ ಮೂರನೇ ಒಂದು ಭಾಗ ತುಂಬುತ್ತದೆ. ಮನೆಗೆ ಅಷ್ಟು ಸಾಕು. ನಿಮ್ಮ ಫೋನಿಗೆ ಅಡಾಪ್ಟರ್ ತನ್ನಿ. ನಮ್ಮ ಮೂರು ಕಡ್ಡಿಯ ಪ್ಲಗ್ ಅಲ್ಲಿ ಕೂರುವುದಿಲ್ಲ.

6. ಆರು ದಿನದ ದಾರಿ

ಮೊದಲ ಸಂಜೆ ಆಲ್ಬದಲ್ಲಿ ಸುಮ್ನೆ ನಡೆದಾಡಿ. ಇಟ್ಟಿಗೆಯ ಹಳೇ ಗೋಪುರಗಳಿವೆ. ಬ್ರೆಡ್ಡಿಗೆ ಹಚ್ಚುವ ಹೇಝಲ್‌ನಟ್ ಚಾಕೊಲೇಟ್ ನ್ಯುಟೆಲ್ಲಾ 1964ರಲ್ಲಿ ಹುಟ್ಟಿದ್ದು ಇದೇ ಊರಿನ ಫೆರೆರೊ ಕಾರ್ಖಾನೆಯಲ್ಲಿ. ಸುತ್ತಲ ಗುಡ್ಡಗಳಲ್ಲಿ ದ್ರಾಕ್ಷಿ ಜೊತೆ ಹೇಝಲ್‌ನಟ್ ತೋಟಗಳೂ ಇರುವುದನ್ನು ನೋಡಿದರೆ ಅದರ ಬೇರು ಎಲ್ಲಿದೆ ಅಂತ ಗೊತ್ತಾಗುತ್ತದೆ.

ಮೊದಲ ದಿನದ ಸವಾರಿ ಬಾರ್ಬರೆಸ್ಕೊ ಕಡೆ. ಆಲ್ಬ, ಬಾರ್ಬರೆಸ್ಕೊ, ನೇಯ್ವೆ, ತ್ರೇಯ್ಸೊ, ಮತ್ತೆ ಆಲ್ಬ. ಸುಮಾರು 30 ಕಿ.ಮೀ. ಬಾರ್ಬರೆಸ್ಕೊದಲ್ಲಿ ಹಳೇ ಗೋಪುರ ಹತ್ತಿ, ಕೆಳಗೆ ತಾನರೊ ನದಿ ಬಳುಕುವುದು ಕಾಣುತ್ತದೆ. ಪಕ್ಕದಲ್ಲೇ ಹಿಂದೆ ಚರ್ಚ್ ಆಗಿದ್ದ ಕಟ್ಟಡದಲ್ಲಿ ವೈನ್ ಕೇಂದ್ರವಿದೆ, ಆ ಸೀಮೆಯ ಬೇರೆ ಬೇರೆ ತಯಾರಕರ ವೈನ್ ಒಂದೇ ಕಡೆ ರುಚಿ ನೋಡಬಹುದು. ಊಟಕ್ಕೆ ನೇಯ್ವೆ. ಕಲ್ಲು ಹಾಸಿದ ಓಣಿಗಳ ಚೆಂದದ ಊರು, ಮೇಲಿನ ಹಳೇ ಭಾಗಕ್ಕೇ ಹೋಗಿ. ಊಟದ ನಂತರ ತ್ರೇಯ್ಸೊಗೆ ಏರು, ಆಮೇಲೆ ಆಲ್ಬದವರೆಗೆ ಇಳಿಜಾರು.

ಎರಡನೇ ದಿನ ಬರೋಲೊಗೆ ಸ್ಥಳಾಂತರ. ದಾರಿಯಲ್ಲಿ ಗ್ರಿನ್ಸಾನೆ ಕವೂರ್ ಕೋಟೆ ಸಿಗುತ್ತದೆ. ಇಟಲಿಯನ್ನು ಒಂದುಗೂಡಿಸಿದ ಮುತ್ಸದ್ದಿ ಕವೂರ್ ಚಿಕ್ಕವಯಸ್ಸಿನಲ್ಲಿ ಈ ಹಳ್ಳಿಯ ಮೇಯರ್ ಆಗಿದ್ದರು. ಇಲ್ಲಿಂದ ಕಾಸ್ತಿಲ್ಯೋನೆ ಫಲ್ಲೆತ್ತೊ ಎಂಬ ಪುಟ್ಟ ಊರಿಗೆ ಏರಿ ಊಟ ಮಾಡಿ. ಬರೋಲೊ ಸೀಮೆಯ ನಟ್ಟನಡುವೆ ಇರುವುದರಿಂದ ಸುತ್ತಲ ಎಲ್ಲ ಊರೂ ಇಲ್ಲಿಂದ ಕಾಣುತ್ತದೆ. ಕಾಫಿ ಕುಡಿಯುತ್ತಾ ನಾಳೆ ನಾಡಿದ್ದು ಹೋಗುವ ಗುಡ್ಡಗಳನ್ನು ಬೆರಳಿಟ್ಟು ಗುರುತಿಸಬಹುದು. ಆಲ್ಬದಿಂದ ಕಣಿವೆಯ ದೊಡ್ಡ ರಸ್ತೆಯಲ್ಲಿ ಕಾರು, ಲಾರಿ ಜಾಸ್ತಿ. ಸ್ವಲ್ಪ ಸುತ್ತಾದರೂ ಗುಡ್ಡದ ಸಣ್ಣ ದಾರಿ ಹಿಡಿಯಿರಿ.

ಮೂರನೇ ದಿನ ಪೂರ್ವದ ಗುಡ್ಡಗಳು. ಬರೋಲೊದಿಂದ ಮೊನ್ಫೋರ್ತೆ, ಅಲ್ಲಿಂದ ಸೆರ್ರಲುಂಗ, ವಾಪಸ್. ಸೆರ್ರಲುಂಗದ 14ನೇ ಶತಮಾನದ ಕೋಟೆ ಸಪೂರವಾಗಿ, ಎತ್ತರವಾಗಿ ಆಕಾಶಕ್ಕೆ ಚುಚ್ಚಿಕೊಂಡಂತಿದೆ. ದೂರದಿಂದಲೇ ಕಾಣುತ್ತದೆ, ದಾರಿ ತಪ್ಪುವ ಪ್ರಶ್ನೆಯೇ ಇಲ್ಲ. ಬೆಳಗ್ಗೆ ಮೊನ್ಫೋರ್ತೆ ಏರಿ, ಮಧ್ಯಾಹ್ನ ಸೆರ್ರಲುಂಗದಲ್ಲಿ ಉಣ್ಣಿ. ಈ ಕಡೆಯ ಮಣ್ಣು ಗಟ್ಟಿ, ವೈನೂ ಹಾಗೇ: ಒಗರು, ಬಿಗಿ, ವರ್ಷಗಟ್ಟಲೆ ಕಾಯಬೇಕಾದದ್ದು.

ನಾಲ್ಕನೇ ದಿನ ಕಡಿಮೆ ತುಳಿಯಿರಿ. ಬೆಳಗ್ಗೆ ಬರೋಲೊ ಕೋಟೆಯೊಳಗಿನ ವೈನ್ ಮ್ಯೂಸಿಯಂ, ಆಮೇಲೆ ಲಾ ಮೊರ್ರಕ್ಕೆ ಐದು ಕಿಲೋಮೀಟರ್ ಏರು. ಊರ ತುದಿಯ ಕಟ್ಟೆಯ ಮೇಲೆ ನಿಂತರೆ ಇಡೀ ಬರೋಲೊ ಸೀಮೆ ಕಾಲ ಕೆಳಗೆ, ಆಕಾಶ ತಿಳಿಯಾಗಿದ್ದರೆ ಹಿಂದೆ ಆಲ್ಪ್ಸ್ ಹಿಮ. ಇಳಿಯುವಾಗ ಬ್ರುನಾತೆ ತೋಟದ ನಡುವಿನ ಬಣ್ಣದ ಗುಡಿ ನೋಡಿ. 1914ರಲ್ಲಿ ಕಟ್ಟಿದ ಸಣ್ಣ ಚಾಪೆಲ್ ಅದು. ಕಲಾವಿದರಾದ ಸಾಲ್ ಲೆವಿಟ್ ಮತ್ತು ಡೇವಿಡ್ ಟ್ರೆಮ್ಲೆಟ್ 1999ರಲ್ಲಿ ಒಳಗೂ ಹೊರಗೂ ಬಣ್ಣ ತುಂಬಿದರು. ಹಸಿರಿನ ನಡುವೆ ಕೆಂಪು, ಹಳದಿ, ನೀಲಿ ಎದ್ದು ಕಾಣುತ್ತದೆ. ಈ ಪಶ್ಚಿಮದ ಕಡೆಯ ಬರೋಲೊ ಮೆದು, ಹೂವಿನ ಪರಿಮಳ ಬೇಗ ಬಿಟ್ಟುಕೊಡುತ್ತದೆ. ನಿನ್ನೆಯ ಗ್ಲಾಸು ನಾಲಿಗೆಯಲ್ಲಿ ನೆನಪಿದ್ದರೆ ವ್ಯತ್ಯಾಸ ತಾನೇ ತಿಳಿಯುತ್ತದೆ. ಒಂದೇ ದ್ರಾಕ್ಷಿ, ನಡುವೆ ಕೆಲವೇ ಕಿಲೋಮೀಟರ್.

ಐದನೇ ದಿನ ಉದ್ದ, ಸುಮಾರು 45 ಕಿ.ಮೀ. ವೆರ್ದೂನೊ ದಾಟಿ ತಾನರೊ ನದಿಯ ಆಚೆ ಪೊಲ್ಲೆನ್ಸೊ, ಬ್ರಾ, ಕೆರಾಸ್ಕೊ. ಬ್ರಾ ಊರಿಗೆ ಹೋಗಲೇಬೇಕು ಅಂತ ನಾನು ಒತ್ತಿ ಹೇಳುತ್ತೇನೆ. ಆಹಾರ ಒಳ್ಳೆಯದಾಗಿ, ಶುದ್ಧವಾಗಿ, ಬೆಳೆದವನಿಗೂ ನ್ಯಾಯ ಸಿಗುವಂತೆ ಇರಬೇಕು ಎನ್ನುವ ಸ್ಲೋ ಫುಡ್ ಚಳವಳಿ ಹುಟ್ಟಿದ್ದು ಅಲ್ಲೇ. ಅದನ್ನು ಕಟ್ಟಿದ ಕಾರ್ಲೊ ಪೆತ್ರೀನಿ ಬ್ರಾ ಊರಿನವರು. ಪಕ್ಕದ ಪೊಲ್ಲೆನ್ಸೊದಲ್ಲಿ 2004ರಲ್ಲಿ ಆಹಾರಕ್ಕೆಂದೇ ಒಂದು ವಿಶ್ವವಿದ್ಯಾಲಯವೂ ಶುರುವಾಯಿತು. ಸಾವಿರಾರು ಬಾಟಲಿ ಜೋಪಾನ ಮಾಡಿದ ವೈನ್ ಬ್ಯಾಂಕ್ ಅದೇ ಆವರಣದಲ್ಲಿದೆ. ಬ್ರಾದಲ್ಲಿ ಊಟ, ಕೆರಾಸ್ಕೊದಲ್ಲಿ ಹೇಝಲ್‌ನಟ್ ಚಾಕೊಲೇಟ್, ಆಮೇಲೆ ನಿಧಾನವಾಗಿ ಬರೋಲೊ ಕಡೆ ಏರು. ಈ ದಿನ ಬೆಳಗ್ಗೆ ಬ್ಯಾಟರಿ ಪೂರ್ತಿ ತುಂಬಿದೆಯಾ ಎರಡು ಸಲ ನೋಡಿ. ಮಳೆ ಬಂದರೆ ಬಿಟ್ಟುಬಿಡಿ.

ಆರನೇ ದಿನ ಆಲ್ಬಕ್ಕೆ ವಾಪಸ್. ಹೆಚ್ಚುಪಾಲು ಇಳಿಜಾರು.

ದಾರಿಯ ನಕ್ಷೆಗಳನ್ನು ಫೋನಿಗೆ ಮುಂಚೆಯೇ ಇಳಿಸಿಟ್ಟುಕೊಳ್ಳಿ, ಕಣಿವೆಗಳಲ್ಲಿ ಸಿಗ್ನಲ್ ಕೈಕೊಡುತ್ತದೆ. ನಕ್ಷೆಯ ಆಪ್‌ಗಳು ಹತ್ತಿರದ ದಾರಿ ಅಂತ ಟ್ರ್ಯಾಕ್ಟರ್ ಹೋಗುವ ಮಣ್ಣಿನ ದಾರಿಗೆ ತಿರುಗಿಸುತ್ತವೆ. ಒಣಗಿದ್ದರೆ ಅದೇ ಅತಿ ಸುಂದರ ದಾರಿ. ಮಳೆ ಬಿದ್ದ ಮರುದಿನ ಮಾತ್ರ ಹೋಗಬೇಡಿ. ಅಲ್ಲಿನ ಜೇಡಿ ಚಕ್ರಕ್ಕೆ ಮೆತ್ತಿಕೊಂಡು ಸೈಕಲ್ ಹೆಜ್ಜೆ ಮುಂದಿಡುವುದಿಲ್ಲ.

7. ಊಟದ ಮನೆಯಲ್ಲಿ

ಮಧ್ಯಾಹ್ನದ ಊಟ ಹನ್ನೆರಡೂವರೆಗೆ ಶುರು, ಎರಡಕ್ಕೆ ಅಡುಗೆಮನೆ ಮುಚ್ಚುತ್ತದೆ. ಎರಡೂಕಾಲಿಗೆ ಹೋಗಿ ಬೇಡಿಕೊಂಡರೂ ಸಿಗದು. ಆದ್ದರಿಂದ ಮೊದಲು ಊಟದ ಜಾಗ ಕಾದಿರಿಸಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ಹೊರಡುವ ಹೊತ್ತು ಗೊತ್ತು ಮಾಡಿ. ಹಳ್ಳಿಗಳಲ್ಲಿ ವಾರಕ್ಕೆ ಒಂದೆರಡು ದಿನ ರಜೆ ಇರುತ್ತದೆ, ಒಂದೊಂದಕ್ಕೆ ಒಂದೊಂದು ದಿನ. ಹಿಂದಿನ ದಿನ ಫೋನ್ ಮಾಡಿಸಿ ಖಚಿತ ಮಾಡಿಕೊಳ್ಳಿ. ಅಂಗಡಿಗಳೂ ಮಧ್ಯಾಹ್ನ ಮೂರು ಗಂಟೆ ಹೊತ್ತು ಬಾಗಿಲು ಹಾಕಿರುತ್ತವೆ. ಚೀಲದಲ್ಲಿ ಒಂದು ಹಿಡಿ ಬೀಜ, ಎರಡು ಬಾಳೆಹಣ್ಣು, ಬ್ರೆಡ್ ಇರಲಿ.

ಇದು ಮಾಂಸದ ಸೀಮೆ. ದನದ ಮಾಂಸ ತಿನ್ನದವರು ವಿತೆಲ್ಲೊ, ಮಾನ್ಸೊ, ಬೂಎ ಈ ಮೂರು ಪದ ನೆನಪಿಡಿ, ಮೂರೂ ದನದ್ದೇ. ಹೆಸರಾಂತ ವಿತೆಲ್ಲೊ ತೊನ್ನಾತೊ ಅಂದರೆ ಕರುವಿನ ಮಾಂಸದ ತೆಳು ಹೋಳಿನ ಮೇಲೆ ಟ್ಯೂನಾ ಮೀನಿನ ಸಾಸ್. ಕಾರ್ನೆ ಕ್ರೂದ ಅಂದರೆ ಹಸಿ ಮಾಂಸ. ಮಯಾಲೆ ಹಂದಿ, ಪೊಲ್ಲೊ ಕೋಳಿ, ಕೊನೀಲ್ಯೊ ಮೊಲ.

ಸಸ್ಯಾಹಾರಿಗಳಿಗೆ ಇಲ್ಲಿ ಹೊಟ್ಟೆ ತುಂಬುತ್ತದೆ, ಆದರೆ ಕೇಳಿ ತಿನ್ನಬೇಕು. ತಯಾರಿನ್ ಎಂಬ ಕೂದಲೆಳೆಯಂಥ ಹಳದಿ ಪಾಸ್ತಾಕ್ಕೆ ಬೆಣ್ಣೆ ಮತ್ತು ಸೇಜ್ ಎಲೆ ಹಾಕಿ ಕೊಡುತ್ತಾರೆ. "ಅಲ್ ಬುರ್ರೊ ಎ ಸಾಲ್ವಿಯ" ಅನ್ನಿ. ಅದರ ಬಣ್ಣ ಬಂದಿರುವುದು ಮೊಟ್ಟೆಯ ಹಳದಿಯಿಂದ, ಮೊಟ್ಟೆ ತಿನ್ನದವರಿಗೆ ಆಗದು. ಕಾಸ್ತೆಲ್ಮಾನ್ಯೊ ಚೀಸ್ ಹಾಕಿದ ನ್ಯೋಕ್ಕಿ, ಅಂದರೆ ಆಲೂಗಡ್ಡೆಯ ಪುಟ್ಟ ಉಂಡೆಗಳು, ಇನ್ನೊಂದು ಒಳ್ಳೆಯ ಆಯ್ಕೆ. ಆಞೊಲೊತ್ತಿ ದೆಲ್ ಪ್ಲಿನ್ ಎಂಬ ಚಿವುಟಿ ಮುಚ್ಚಿದ ಪುಟ್ಟ ಕಡುಬಿನೊಳಗೆ ಸಾಮಾನ್ಯವಾಗಿ ಮಾಂಸವೇ ಇರುತ್ತದೆ. ಬಾನ್ಯ ಕೌದ ಎಂಬ ಬಿಸಿ ಬೆಳ್ಳುಳ್ಳಿ ಎಣ್ಣೆಯಲ್ಲಿ ತರಕಾರಿ ಅದ್ದಿ ತಿನ್ನುತ್ತಾರೆ. ನೋಡಲು ಪೂರ್ತಿ ಸಸ್ಯಾಹಾರ, ಆದರೆ ಅದರಲ್ಲಿ ಅಚ್ಚೂಗೆ ಮೀನು ಕರಗಿರುತ್ತದೆ. ರಿಸೊತ್ತೊ ಎಂಬ ಮೆತ್ತನೆಯ ಅನ್ನವನ್ನು ಬೇಯಿಸಲು ಮಾಂಸದ ಸಾರು ಬಳಸಿರಬಹುದು. ಪನ್ನ ಕೊತ್ತ ಎಂಬ ಕೆನೆಯ ಸಿಹಿಯಲ್ಲಿ ಪ್ರಾಣಿಯ ಚರ್ಮ, ಮೂಳೆಯಿಂದ ತೆಗೆದ ಜೆಲಾಟಿನ್ ಇರುತ್ತದೆ. ಹಳೇ ಪದ್ಧತಿಯ ಚೀಸ್‌ಗಳನ್ನು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯ ರೆನೆಟ್ ಹಾಕುತ್ತಾರೆ. ಅದೂ ಬೇಡ ಅನ್ನುವವರು "ಕಾಲ್ಯೊ ವೆಜೆತಾಲೆ?", ಅಂದರೆ "ಸಸ್ಯದ ರೆನೆಟ್ಟಾ?" ಅಂತ ಕೇಳಿ.

ಹೀಗೆ ಹೇಳಿ: "ಸೋನೊ ವೆಜೆತರಿಯಾನೊ, ಸೆನ್ಸ ಕಾರ್ನೆ, ಸೆನ್ಸ ಪೆಷೆ, ಸೆನ್ಸ ಬ್ರೋದೊ ದಿ ಕಾರ್ನೆ." ನಾನು ಸಸ್ಯಾಹಾರಿ, ಮಾಂಸ ಬೇಡ, ಮೀನು ಬೇಡ, ಮಾಂಸದ ಸಾರು ಬೇಡ ಅಂತ ಅರ್ಥ. ಹೆಂಗಸರು ವೆಜೆತರಿಯಾನ ಅನ್ನಬೇಕು. ಸಸ್ಯಾಹಾರಿ ಅಂದರೆ ಮೀನು ತಿನ್ನಬಹುದು ಅಂದುಕೊಳ್ಳುವವರೂ ಇದ್ದಾರೆ, ಆದ್ದರಿಂದ ಬಿಡಿಸಿ ಹೇಳುವುದೇ ಒಳ್ಳೆಯದು. ಮೊಟ್ಟೆ, ಹಾಲು ಯಾವುದೂ ಬೇಡವಾದವರಿಗೆ ಫರಿನಾತ ಸಿಗುವ ಅಂಗಡಿ ಹುಡುಕಿಕೊಡಿ. ಕಡಲೆಹಿಟ್ಟು, ನೀರು, ಎಣ್ಣೆ, ಉಪ್ಪು ಅಷ್ಟೇ. ಸೌದೆ ಒಲೆಯಲ್ಲಿ ಬೇಯಿಸಿದ ದಪ್ಪ ಕಡಲೆಹಿಟ್ಟಿನ ದೋಸೆ ಅನ್ನಬಹುದು. ಮೇಲೆ ಕಾಳುಮೆಣಸು ಉದುರಿಸಿ ಬಿಸಿಬಿಸಿ ತಿಂದರೆ ನಮ್ಮ ನಾಲಿಗೆಗೆ ಬಲು ಹತ್ತಿರ.

ಟ್ರಫಲ್ ಕಾಲದಲ್ಲಿ ಹೋದರೆ ಬಿಳಿ ಟ್ರಫಲನ್ನು ಹಸಿಯಾಗಿ, ನಿಮ್ಮ ತಟ್ಟೆಯ ಮೇಲೇ ತೆಳ್ಳಗೆ ತುರಿಯುತ್ತಾರೆ. ಬೆಲೆ ಗ್ರಾಂ ಲೆಕ್ಕ. ತುರಿಯುವ ಮುಂಚೆ ದರ ಕೇಳಿ, ಎಷ್ಟು ಗ್ರಾಂ ಅಂತ ನೀವೇ ಹೇಳಿ. ಬಿಲ್ಲಿನಲ್ಲಿ ಕೊಪೆರ್ತೊ ಅಂತ ತಲೆಗಿಷ್ಟು ಸೇರಿಸಿರುತ್ತಾರೆ. ಅದು ಅಲ್ಲಿನ ವಾಡಿಕೆ.

8. ವೈನ್ ಮತ್ತು ಹ್ಯಾಂಡಲ್

ವೈನ್ ಮಾಡುವ ಮನೆಗೆ ಕಾಂತೀನ ಅನ್ನುತ್ತಾರೆ. ಹೆಚ್ಚಿನವು ಕುಟುಂಬದವರೇ ನಡೆಸುವಂಥವು, ಮುಂಚೆ ತಿಳಿಸದೆ ಬಾಗಿಲು ಬಡಿದರೆ ಅವರು ತೋಟದಲ್ಲಿರುತ್ತಾರೆ. ಒಂದೆರಡು ವಾರ ಮುಂಚೆ ಮೇಲ್ ಬರೆಯಿರಿ. ದಿನಕ್ಕೆ ಒಂದೇ ಕಾಂತೀನ, ಅದೂ ಬೆಳಗ್ಗೆ ಹನ್ನೊಂದಕ್ಕೆ, ಊಟಕ್ಕೆ ಮುಂಚೆ. ಬರೋಲೊ ಪೂರ್ತಿಯಾಗಿ ನೆಬ್ಬಿಯೊಲೊ ದ್ರಾಕ್ಷಿಯದೇ. ಕನಿಷ್ಠ 38 ತಿಂಗಳು ಮಾಗಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ಬಾರ್ಬರೆಸ್ಕೊಗೆ 26 ತಿಂಗಳು ಸಾಕು. ದಿನದ ಊಟಕ್ಕೆ ಅಲ್ಲಿನವರು ಕುಡಿಯುವುದು ಬಾರ್ಬೆರ, ದೊಲ್ಚೆತ್ತೊ. ವೆರ್ದೂನೊದಲ್ಲಿ ಪೆಲವೆರ್ಗ ಎಂಬ ತಿಳಿಗೆಂಪು ವೈನ್ ಕೇಳಿ. ಕಾಳುಮೆಣಸಿನ ವಾಸನೆ ಇರುತ್ತದೆ, ಬೇರೆ ಕಡೆ ಸಿಗುವುದು ಅಪರೂಪ. ಸಿಹಿ ಇಷ್ಟವಿದ್ದರೆ ಮೊಸ್ಕಾತೊ ದಾಸ್ತಿ, ಅದರಲ್ಲಿ ಆಲ್ಕೋಹಾಲ್ ಕೂಡ ಕಡಿಮೆ.

ಈಗ ಮನಸ್ಸಿಟ್ಟು ಓದಿ. ಇಟಲಿಯಲ್ಲಿ ಕುಡಿದು ಓಡಿಸುವ ಮಿತಿ ಲೀಟರ್ ರಕ್ತಕ್ಕೆ 0.5 ಗ್ರಾಂ. ಈ ಕಾನೂನು ಸೈಕಲ್ ಸವಾರರಿಗೂ ಅನ್ವಯ. ರುಚಿ ನೋಡುವಾಗ ಐದು ವೈನ್, ಒಂದೊಂದು 50 ಮಿ.ಲೀ. ಅಂದರೂ 250 ಮಿ.ಲೀ. ಶೇ. 14ರ ಲೆಕ್ಕದಲ್ಲಿ ಅದು ಸುಮಾರು 28 ಗ್ರಾಂ ಆಲ್ಕೋಹಾಲ್. ಪೂರ್ತಿ ನುಂಗಿದರೆ 70 ಕಿಲೋ ತೂಕದ ಗಂಡಸೂ ಮಿತಿ ದಾಟುವ ಸಾಧ್ಯತೆ ಇದೆ. 55 ಕಿಲೋ ತೂಕದ ಹೆಂಗಸು ಖಂಡಿತ ದಾಟುತ್ತಾರೆ. ಮುಂದೆ ಇರುವುದು ತಿರುವುಗಳ ಇಳಿಜಾರು. ಮೇಜಿನ ಮೇಲೆ ಉಗುಳುವ ಪಾತ್ರೆ ಇರುತ್ತದೆ. ಬಾಯಲ್ಲಿ ಆಡಿಸಿ ಉಗುಳಿ. ಅಲ್ಲಿ ವೈನ್ ಮಾಡುವವರೇ ಹಾಗೆ ಮಾಡುತ್ತಾರೆ, ಯಾರೂ ತಪ್ಪು ತಿಳಿಯುವುದಿಲ್ಲ. ಇಷ್ಟವಾದ ವೈನಿನ ಹೆಸರು ಬರೆದುಕೊಂಡು ರಾತ್ರಿ, ಸೈಕಲ್ ಬೀಗ ಹಾಕಿದ ಮೇಲೆ, ನಡೆದು ಹೋಗಬಹುದಾದ ಜಾಗದಲ್ಲಿ ಒಂದು ಗ್ಲಾಸ್ ನೆಮ್ಮದಿಯಾಗಿ ಕುಡಿಯಿರಿ. ಬರೋಲೊ ಊರಿನಲ್ಲೇ ಉಳಿಯಿರಿ ಅಂದದ್ದಕ್ಕೆ ಇದೂ ಒಂದು ಕಾರಣ. ಕುಡಿಯದವರಿಗೂ ಕಾಂತೀನ ನೋಡಲು ಚೆನ್ನ. ತಂಪು ನೆಲಮಾಳಿಗೆ, ದೊಡ್ಡ ಪೀಪಾಯಿಗಳು, ತಾತನ ಕಾಲದ ಕತೆಗಳು.

9. ರಸ್ತೆಯ ಮೇಲೆ

ಗಾಡಿಗಳು ಬಲಗಡೆ ಓಡುತ್ತವೆ. ಬೆಳಗ್ಗೆ ಹೊರಡುವಾಗ ಮತ್ತು ಪ್ರತಿ ಸಲ ನಿಂತು ಮತ್ತೆ ಹೊರಡುವಾಗ ನಮ್ಮ ಅಭ್ಯಾಸ ಎಡಕ್ಕೆ ಎಳೆಯುತ್ತದೆ. ವೃತ್ತಗಳಲ್ಲಿ ಎಡದಿಂದ ಬರುವವರನ್ನು ನೋಡಿ. ಇಬ್ಬರಿದ್ದರೆ ಒಬ್ಬರ ಹಿಂದೆ ಒಬ್ಬರು ಹೋಗಿ. ಗಂಟೆ, ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಇರಬೇಕು. ಊರ ಹೊರಗೆ ಕತ್ತಲಾದ ಮೇಲೆ ಮತ್ತು ಸುರಂಗಗಳಲ್ಲಿ ಬೆಳಕಿಗೆ ಹೊಳೆಯುವ ಜಾಕೆಟ್ ಕಡ್ಡಾಯ. ಮಂಜಿನ ಬೆಳಗ್ಗೆಗೂ ಅದನ್ನೇ ಹಾಕಿ. ತುರ್ತಿಗೆ 112. ಊರ ಚೌಕದ ನಲ್ಲಿಯಲ್ಲಿ ನೀರು ತುಂಬಿಕೊಳ್ಳಬಹುದು, "ನೊನ್ ಪೊತಾಬಿಲೆ" ಅಂತ ಬರೆದಿದ್ದರೆ ಮಾತ್ರ ಕುಡಿಯಬೇಡಿ. ಊಟಕ್ಕೆ ನಿಂತಾಗ ಸೈಕಲ್‌ಗೆ ಬೀಗ ಹಾಕಿ, ಬ್ಯಾಟರಿ ಕಳಚಿ ಜೊತೆಗೆ ಒಯ್ಯಿರಿ.

ಕೊನೇ ದಿನ ಆಲ್ಬದಲ್ಲಿ ಸೈಕಲ್ ಮರಳಿಸಿದ ಮೇಲೆ ಬಾಟಲಿ ಕೊಳ್ಳಿ. ಮುಂಚೆ ಕೊಂಡು ಗುಡ್ಡ ಹತ್ತಿಸಬೇಡಿ. ಭಾರತಕ್ಕೆ ಬರುವ ವಯಸ್ಕರು ಒಬ್ಬೊಬ್ಬರೂ 2 ಲೀಟರ್ ಮದ್ಯ ಸುಂಕವಿಲ್ಲದೆ ತರಬಹುದು, ಅಂದರೆ 750 ಮಿ.ಲೀ.ಯ ಎರಡು ಬಾಟಲಿ. ಒಂದು ಸೆರ್ರಲುಂಗದ್ದು, ಒಂದು ಲಾ ಮೊರ್ರದ್ದು ತೆಗೆದುಕೊಳ್ಳಿ. ಬಟ್ಟೆಯಲ್ಲಿ ಸುತ್ತಿ ದೊಡ್ಡ ಪೆಟ್ಟಿಗೆಯ ನಡುವೆ ಇಡಿ. ಮನೆಗೆ ಬಂದ ಮೇಲೆ ಒಂದು ವಾರ ನೆಟ್ಟಗೆ ನಿಲ್ಲಿಸಿ, ಕೆಳಗೆ ಗಸಿ ಇಳಿಯಲಿ. ಆಮೇಲೆ ಒಂದೇ ಸಂಜೆ ಎರಡನ್ನೂ ತೆರೆದು, ಆ ಎರಡು ಗುಡ್ಡ ಹತ್ತಿದವರನ್ನೆಲ್ಲ ಊಟಕ್ಕೆ ಕರೆಯಿರಿ.